ಸ್ಟಾಪ್ ಕೇಬಲ್ ಯಾಕೆ ಸುಡ್ತಿದೆ? ಅಪ್ಪನ ಹಳೆ ಪಿಕಪ್‌ಗೆ ಹೊಸ ವೈರಿಂಗ್ ಬೇಕಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ರು ಉದ್ದಕ್ಕೆ ಬರ್ದಿದಾರೆ, ಅದರ ಮುಖ್ಯ ಭಾಗ ಇಷ್ಟು:

"ಅಪ್ಪ 1992ರಲ್ಲಿ ತಗೊಂಡಿದ್ದ ಮಹೀಂದ್ರಾ ಪಿಕಪ್ ಇದು, ಪ್ಯೂಜೋ ಡೀಸೆಲ್ ಇಂಜಿನ್. ಅಪ್ಪ ಹೋದ್ಮೇಲೆ 9 ವರ್ಷ ಕೊಟ್ಟಿಗೆ ಪಕ್ಕ ಶೆಡ್‌ನಲ್ಲೇ ನಿಂತಿತ್ತು. ಹೋದ ವರ್ಷ ಬಾಡಿ ಇಳಿಸಿ, ಚಾಸಿ ತಿಕ್ಕಿಸಿ ಬಣ್ಣ ಹೊಡೆಸಿ, ಇಂಜಿನ್‌ಗೆ ರಿಂಗ್ ಹಾಕಿಸಿ ಮತ್ತೆ ಜೋಡಿಸಿದ್ವಿ. ಜೋಡಿಸಿದ್ಮೇಲೆ ಕರೆಂಟಿನ ಕಾಟ ಶುರು. ಸೆಲ್ಫ್ ಹೊಡೆದ್ರೆ ಟಕ್ ಅನ್ನುತ್ತೆ, ಒಂದೊಂದ್ಸಲ ನಿಧಾನಕ್ಕೆ ತಿರುಗುತ್ತೆ. ಹೆಡ್‌ಲೈಟ್ ಚಿಮಣಿ ದೀಪದ ಥರ. ಎಡಗಡೆ ಇಂಡಿಕೇಟರ್ ಹಾಕಿದ್ರೆ ಡೀಸೆಲ್ ಮುಳ್ಳು ಕುಣಿಯುತ್ತೆ. ಎರಡು ರಾತ್ರಿ ನಿಂತ್ರೆ ಬ್ಯಾಟರಿ ಖಾಲಿ. ವೈಪರ್ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಗ್ಯಾರೇಜ್ ಹುಡುಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದಾನೆ. ಬೆಳಗ್ಗೆ ಹೊತ್ತು ಇಂಜಿನ್ ಹಿಡಿಯೋದು ಕಷ್ಟ. ಬ್ಯಾಟರಿ ಹೊಸದು, ಸೆಲ್ಫ್ ರಿಪೇರಿ ಆಗಿದೆ, ಡೈನಮೋ ಬದಲಾಯ್ತು, ಎಲ್ಲ ಸೇರಿ 27 ಸಾವಿರ ಹೋಗಿದೆ. ಈಗ ಎಲೆಕ್ಟ್ರಿಷಿಯನ್ ಪೂರ್ತಿ ವೈರಿಂಗ್ ಕಿತ್ತು ಹೊಸ ಕಿಟ್ ಹಾಕೋಣ ಅಂತಿದಾರೆ. ಹಾಕಿಸ್ಲಾ? ಇನ್ನೊಂದು, ಸೆಲ್ಫ್ ಹೊಡೆಯುವಾಗ ಇಂಜಿನ್ ಆಫ್ ಮಾಡೋ ಸ್ಟಾಪ್ ಕೇಬಲ್ ಕೈಗೆ ಬಿಸಿ ತಾಗುತ್ತೆ, ಮೊನ್ನೆ ಸ್ವಲ್ಪ ಹೊಗೆನೂ ಬಂತು. ಮತ್ತೆ ಡ್ಯಾಶ್‌ಬೋರ್ಡ್ ಕೆಳಗೆ ಅಪ್ಪ ಹಾಕಿಸಿದ್ದ ಒಂದು ಸ್ವಿಚ್ ಇದೆ, ಯಾವುದಕ್ಕೆ ಅಂತ ಗೊತ್ತಿಲ್ಲ, ಕಿತ್ತು ಹಾಕಬಹುದಾ?"

ನೋಡಿ, ಕಿಟ್‌ಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದ್ರೆ ಕೊಡಬೇಡಿ, ಒಂದು ವಾರ ತಡೀರಿ. ನೀವು ಕೊನೇಲಿ "ಇನ್ನೊಂದು" ಅಂತ ಸೇರಿಸಿದ್ರಲ್ಲ ಆ ಸ್ಟಾಪ್ ಕೇಬಲ್ ಬಿಸಿ ಆಗೋ ವಿಷಯ, ಅದೇ ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದಿದ್ದು. ಆ ಕೇಬಲ್ ಒಂದು ಉಕ್ಕಿನ ತಂತಿ ಅಷ್ಟೆ, ಅದಕ್ಕೂ ಕರೆಂಟಿಗೂ ಸಂಬಂಧವೇ ಇಲ್ಲ, ಆದ್ರೂ ಸೆಲ್ಫ್ ಹೊಡೆದಾಗ ಮಾತ್ರ ಸುಡ್ತಿದೆ ಅಂದ್ರೆ ಸೆಲ್ಫ್ ಮೋಟರ್ ಎಳೆಯೋ ಕರೆಂಟು ಬ್ಯಾಟರಿಗೆ ವಾಪಸ್ ಹೋಗೋಕೆ ಬೇರೆ ದಾರಿ ಸಿಗದೆ ಆ ತಂತಿ ಮೇಲೆ ಹರೀತಿದೆ. ನಿಮ್ಮ ಇಂಜಿನ್‌ಗೆ ಅರ್ತಿಂಗ್ ಇಲ್ಲ. ಅಥವಾ ಇದ್ದೂ ಇಲ್ಲದ ಹಾಗಿದೆ.

ಇದು ಯಾಕೆ ಬಣ್ಣ ಹೊಡೆಸಿದ್ಮೇಲೇ ಶುರುವಾಯ್ತು ಅಂತ ಯೋಚನೆ ಮಾಡಿ. ಬ್ಯಾಟರಿ ಪಾಸಿಟಿವ್‌ನಿಂದ ಹೊರಟ ಕರೆಂಟು ಕೆಲಸ ಮುಗಿಸಿ ನೆಗೆಟಿವ್‌ಗೆ ವಾಪಸ್ ಬರಲೇಬೇಕು, ಹೋಗೋಕೆ ವೈರ್ ಇದೆ, ವಾಪಸ್ ಬರೋಕೆ ಗಾಡಿಯ ಕಬ್ಬಿಣವೇ ವೈರು. ಚಾಸಿ, ಬಾಡಿ, ಇಂಜಿನ್ ಮೂರೂ ಬೇರೆ ಬೇರೆ ತುಂಡು, ನಡುವೆ ರಬ್ಬರ್ ಬುಷ್. ಇಂಜಿನ್ ರಬ್ಬರ್ ಮೇಲೆ ಕೂತಿದೆ, ಗೇರ್‌ಬಾಕ್ಸ್ ರಬ್ಬರ್ ಮೇಲೆ ಕೂತಿದೆ, ಹಾಗಾಗಿ ಇಂಜಿನ್ನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತೆ. ಇಂಜಿನ್ ಇಳಿಸಿದಾಗ ಅದನ್ನ ಬಿಚ್ತಾರೆ, ಮಸಿ ಹಿಡ್ದು ಹಳೆ ಚಿಂದಿ ಥರ ಕಾಣೋದ್ರಿಂದ ಎಷ್ಟೋ ಸಲ ಗುಜರಿಗೆ ಹೋಗುತ್ತೆ. ಮತ್ತೆ ಹಾಕಿದ್ರೂ ಅದರ ಬೋಲ್ಟ್ ಕೂರೋ ಜಾಗಕ್ಕೆ ನಿಮ್ಮ ಪೇಂಟರ್ ಪ್ರೈಮರ್ ಮೇಲೆ ಎರಡು ಕೋಟ್ ಕಪ್ಪು ಬಣ್ಣ ಚೆನ್ನಾಗಿ ಕೂರಿಸಿರ್ತಾರೆ. ಬಣ್ಣ ಅಂದ್ರೆ ಇನ್ಸುಲೇಷನ್. ಅವರ ಕೆಲಸ ಅಚ್ಚುಕಟ್ಟಾಗಿ ಆದಷ್ಟೂ ನಿಮ್ಮ ಅರ್ತಿಂಗ್ ಕೆಟ್ಟಿರುತ್ತೆ. ತುಕ್ಕು ಹಿಡಿದ ಹಳೆ ಗಾಡಿ ನೆಟ್ಟಗೆ ಓಡ್ತಿದ್ದು, ಹೊಸದಾಗಿ ಮಾಡಿಸಿದ್ಮೇಲೆ ಕೈಕೊಡೋದಕ್ಕೆ ನಾನು ಕಂಡ ಹಾಗೆ ಇದೇ ಮೊದಲನೇ ಕಾರಣ.

ನಾನು ಕೆಲಸ ಕಲೀತಿದ್ದ ಕಾಲ, ಹಾಸನದಲ್ಲಿ, ಒಂದು ವ್ಯಾನ್ ಬಂದಿತ್ತು. ಬೇರೆ ಕಡೆ ಗೇರ್‌ಬಾಕ್ಸ್ ಇಳಿಸಿ ಹಾಕಿದ್ರು. ಸೆಲ್ಫ್ ಹೊಡೆದ್ರೆ ಆಕ್ಸಿಲರೇಟರ್ ಕೇಬಲ್ ಸುಡ್ತಿತ್ತು, ಕೊನೆಗೆ ಒಂದಿನ ಕೇಬಲ್ಲಿನ ಒಳಗಿನ ತಂತಿ ಹೊರಗಿನ ಸುರುಳಿಗೆ ಬೆಸೆದುಕೊಂಡು ಆಕ್ಸಿಲರೇಟರ್ ಎಳೆದಲ್ಲೇ ನಿಂತು ಇಂಜಿನ್ ಕಿರುಚೋಕೆ ಶುರು ಮಾಡ್ತು. ನಮ್ಮ ಉಸ್ತಾದ್ ಇಂಜಿನ್ ಬಂದ್ ಮಾಡಿ, ಏನೂ ಬಿಚ್ಚದೆ, ಜಂಪರ್ ಕೇಬಲ್ ಒಂದನ್ನ ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಬ್ಲಾಕ್‌ಗೂ ಕೊಟ್ಟು ಸೆಲ್ಫ್ ಹೊಡಿ ಅಂದ್ರು. ಗಿರ್ ಅಂತ ತಿರುಗ್ತು. ಅವತ್ತಿಂದ ಇವತ್ತಿನವರೆಗೂ ಸೆಲ್ಫ್ ಕಂಪ್ಲೇಂಟ್ ಬಂದ್ರೆ ನಾನು ಮೊದಲು ಮಾಡೋದು ಅದನ್ನೇ. ನೀವೂ ನಾಳೆ ಬೆಳಗ್ಗೆ ಮೊದಲು ಅದನ್ನೇ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು, ದಪ್ಪನೆ ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ತುದಿ ಬಣ್ಣ ಇಲ್ಲದ ಇಂಜಿನ್ ಬೋಲ್ಟ್‌ಗೆ. ಸೆಲ್ಫ್ ಚುರುಕಾಗಿ ತಿರುಗಿದ್ರೆ ನಿಮ್ಮ ಅರ್ಧ ಪತ್ರಕ್ಕೆ ಅಲ್ಲೇ ಉತ್ತರ ಸಿಕ್ತು.

ಸ್ಟಾಪ್ ಕೇಬಲ್ ಹೀಗೇ ಸುಡ್ತಾ ಇದ್ರೆ ಒಂದಿನ ಅದೂ ಬೆಸೆದುಕೊಳ್ಳುತ್ತೆ, ಆಮೇಲೆ ಇಂಜಿನ್ ನಿಲ್ಸೋಕಾಗಲ್ಲ, ಹಾಗಾಗಿ ಅರ್ತಿಂಗ್ ಸರಿ ಮಾಡೋವರೆಗೆ ಗಾಡಿ ರಸ್ತೆಗೆ ಇಳಿಸ್ಬೇಡಿ. ಅಕಸ್ಮಾತ್ ಹಾಗಾದ್ರೆ ಡೀಸೆಲ್ ಪಂಪ್ ಮೇಲೆ ಆ ಕೇಬಲ್ ಸೇರೋ ಸಣ್ಣ ಲಿವರ್ ಇರುತ್ತಲ್ಲ ಅದನ್ನ ಕೈಯಲ್ಲೇ ತಳ್ಳಿ ಹಿಡಿದ್ರೆ ಇಂಜಿನ್ ನಿಲ್ಲುತ್ತೆ. ಅದು ಎಲ್ಲಿದೆ ಅಂತ ಈಗ್ಲೇ ನೋಡಿಟ್ಕೊಳ್ಳಿ.

ಈಗ ಅಳತೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಡಿಸಿ 20 ವೋಲ್ಟ್‌ಗೆ ಇಡಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿ ಕಂಬದಿಂದ ಕಂಬಕ್ಕೆ 12.6 ಬಂದ್ರೆ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಮೊದಲು ಚಾರ್ಜ್ ಮಾಡಿ, ಸೋತ ಬ್ಯಾಟರಿ ಇಟ್ಕೊಂಡು ಮಾಡೋ ಯಾವ ಟೆಸ್ಟೂ ನಂಬೋ ಹಾಗಿಲ್ಲ. ಆಮೇಲೆ ಒಬ್ರು ಒಳಗೆ ಕೂತು ಸ್ಟಾಪ್ ನಾಬ್ ಎಳೆದು ಹಿಡ್ಕೊಂಡು ಸೆಲ್ಫ್ ಹೊಡೀಲಿ, ಇಂಜಿನ್ ಹಿಡಿಯೋದು ಬೇಡ, ಬರೀ ತಿರುಗ್ಲಿ, ಒಂದ್ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಒಂದು ನಿಮಿಷ ಬಿಡಿ. ಈ ಟೆಸ್ಟ್ ಮಾಡುವಾಗ ಜಂಪರ್ ತೆಗೆದಿರಿ. ಸೆಲ್ಫ್ ಹೊಡೀತಿರೋವಾಗ್ಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲ್ಯಾಂಪ್ ಮೇಲಲ್ಲ ಸೀಸದ ಕಂಬದ ಮೇಲೇ, ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕ್ ಮೇಲೆ ಇಡಿ. 0.2 ಬಂದ್ರೆ ಚೆನ್ನಾಗಿದೆ, 0.5 ಬಂದ್ರೆ ಸರಿ ಇಲ್ಲ, ನಿಮ್ಮ ಗಾಡೀಲಿ 3 ಅಥವಾ 4 ಬಂದ್ರೂ ನನಗೆ ಆಶ್ಚರ್ಯ ಇಲ್ಲ. ಅಷ್ಟು ವೋಲ್ಟು ಸೆಲ್ಫ್‌ಗೆ ಸಿಗದೆ ದಾರೀಲೇ ಸುಟ್ಟು ಹೋಗ್ತಿದೆ ಅಂತ ಅದರ ಅರ್ಥ. ಹಾಗೇ ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಕೇಬಲ್ ಕೂರೋ ಬೋಲ್ಟ್‌ವರೆಗೂ ನೋಡಿ, ಅಲ್ಲೂ 0.5 ದಾಟಬಾರದು. ಕೊನೆಗೆ ಬ್ಯಾಟರಿ ಕಂಬದಿಂದ ಕಂಬಕ್ಕೆ, ಸೆಲ್ಫ್ ಹೊಡೀತಿರೋವಾಗ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಸೋತಿದೆ ಅಥವಾ ಸೆಲ್ಫ್ ಒಳಗೆ ಬುಷ್ ಸವೆದು ಆರ್ಮೇಚರ್, ಅಂದ್ರೆ ಒಳಗೆ ತಿರುಗೋ ಭಾಗ, ಉಜ್ತಿದೆ, 12ರ ಹತ್ರಾನೇ ನಿಂತು ಸೆಲ್ಫ್ ಮಾತ್ರ ಟಕ್ ಅಂದ್ರೆ ಬ್ಯಾಟರೀಲಿ ತಪ್ಪಿಲ್ಲ, ದಾರೀಲಿ ತಪ್ಪಿದೆ.

ಇಲ್ಲಿ ತುಂಬಾ ಜನ ಮಾಡೋ ಒಂದು ತಪ್ಪು ಹೇಳ್ಬೇಕು. ಮೀಟರ್‌ನ ಅಡ್ಡಿ ಅಳೆಯೋ ಓಮ್‌ಗೆ ಇಟ್ಟು, ಕೇಬಲ್ಲಿನ ಎರಡು ತುದಿಗೆ ಹಿಡಿದು, ಬೀಪ್ ಬಂತು ಹಾಗಾಗಿ ಕೇಬಲ್ ಸರಿ ಇದೆ ಅಂತಾರೆ. ದಪ್ಪ ಕೇಬಲ್ ಒಳಗೆ ನೂರಾರು ಎಳೆ ಕೊಳೆತು ಹೋಗಿ ಒಂದೇ ಒಂದು ಎಳೆ ಉಳಿದಿದ್ರೂ ಮೀಟರ್ ಬೀಪ್ ಅನ್ನುತ್ತೆ, ಯಾಕಂದ್ರೆ ಮೀಟರ್ ಕಳಿಸೋ ಕರೆಂಟು ತೀರಾ ಕಡಿಮೆ, ಅದಕ್ಕೆ ಒಂದು ಎಳೆ ಧಾರಾಳ. ಡೀಸೆಲ್ ಗಾಡಿ ಸೆಲ್ಫ್ ಸುಮಾರು 200, 250 ಆಂಪಿಯರ್ ಎಳೆಯುತ್ತೆ. 250 ಆಂಪಿಯರ್ ಹರಿಯುವಾಗ ಒಂದು ಓಮಿನ ನೂರನೇ ಒಂದು ಭಾಗ ಅಡ್ಡಿ ಇದ್ರೂ 2.5 ವೋಲ್ಟ್ ಹೋಯ್ತು, ಅಷ್ಟು ಸಣ್ಣ ಅಡ್ಡಿನ ಸಾಮಾನ್ಯ ಮೀಟರ್ ತೋರ್ಸೋದೇ ಇಲ್ಲ. ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಕೆಲಸ ಮಾಡ್ತಿರೋವಾಗ ವೋಲ್ಟ್ ಅಳೀರಿ. ಮೀಟರ್ ಇಲ್ಲದ ಹಳ್ಳೀಲೂ ಒಂದು ಉಪಾಯ ಇದೆ, 10 ಸೆಕೆಂಡ್ ಸೆಲ್ಫ್ ಹೊಡೆಸಿ ಕೀ ಆಫ್ ಮಾಡಿಸಿ ಒಂದೊಂದೇ ಜಾಯಿಂಟ್ ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ, ಬಿಸಿ ಇರೋ ಜಾಯಿಂಟೇ ಕಳ್ಳ.

ಸರಿ ಮಾಡೋದು ಹೇಗೆ ಅಂದ್ರೆ, ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಇಂಜಿನ್‌ಗೆ, ಸಾಧ್ಯ ಆದ್ರೆ ಸೆಲ್ಫ್ ಕೂರೋ ಬೋಲ್ಟ್‌ಗೇ, 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಒಂದು. ಇಂಜಿನ್ನಿಂದ ಚಾಸಿಗೆ ಹೆಣೆದ ಪಟ್ಟಿ ಒಂದು. ಚಾಸಿಯಿಂದ ಕ್ಯಾಬಿನ್‌ಗೆ ಒಂದು, ಇದಕ್ಕೆ 16 ಸ್ಕ್ವೇರ್ ಸಾಕು, ಆದ್ರೆ ಇದನ್ನ ಎಲ್ರೂ ಮರೀತಾರೆ. ಹಿಂದಿನ ಟ್ರೇಗೂ ಒಂದು ಹಾಕಿ. ಕೇಬಲ್ ತುದಿಗೆ ಕೂರೋ ಲೋಹದ ಬಳೆ ಇರುತ್ತಲ್ಲ, ಆ ಲಗ್ಗನ್ನ ಸುತ್ತಿಗೆಯಲ್ಲಿ ಜಜ್ಜಿ ಕೂರಿಸೋದು ಬೇಡ, ಸೋಲಾರ್ ಕೆಲಸ ಮಾಡೋರ ಹತ್ರ ಹೈಡ್ರಾಲಿಕ್ ಕ್ರಿಂಪರ್ ಇರುತ್ತೆ, ಈಗ ತಾಲೂಕು ಮಟ್ಟದಲ್ಲೂ ಸಿಗ್ತಾರೆ, ಅವರ ಹತ್ರ ಒತ್ತಿಸಿ. ಲಗ್ ಕೂರೋ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಬಣ್ಣ ಉಪ್ಪು ಕಾಗದದಲ್ಲಿ ಉಜ್ಜಿ ಹೊಳೆಯೋ ಕಬ್ಬಿಣ ಕಾಣ್ಬೇಕು. ಹಲ್ಲಿರೋ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮೇಲಿಂದ ಗ್ರೀಸ್ ಅಥವಾ ಅದೇ ಕಪ್ಪು ಬಣ್ಣ ಬಳಿಯಿರಿ, ಮಲೆನಾಡಿನ ಮಳೆಗೆ ಬರೀ ಕಬ್ಬಿಣ ಬಿಟ್ರೆ ಒಂದೇ ಮಳೆಗಾಲ ಸಾಕು. ನೀವು ಅಷ್ಟು ಆಸೆಪಟ್ಟು ಹೊಡೆಸಿದ ಬಣ್ಣ ಕೆರೀಬೇಕಲ್ಲ ಅಂತ ಹೊಟ್ಟೆ ಉರಿಯುತ್ತೆ, ಗೊತ್ತು, ಆದ್ರೂ ಕೆರೀರಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು ಬಿಚ್ಚಿ, ಹಾಕುವಾಗ ನೆಗೆಟಿವ್ ಕೊನೆಗೆ, ಇಲ್ಲಾಂದ್ರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಕಿಡಿ ಹಾರಿ ಕೈ ಸುಡುತ್ತೆ.

ಇಷ್ಟಾದ್ಮೇಲೆ ಹೆಡ್‌ಲೈಟ್ ತಾನಾಗೇ ಸ್ವಲ್ಪ ಚುರುಕಾಗುತ್ತೆ, ಪೂರ್ತಿ ಆಗಲ್ಲ. ಆ ಕಾಲದ ಎಷ್ಟೋ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಅಲ್ಲಿಂದ ಡಿಪ್ ಸ್ವಿಚ್ಚು, ಅಲ್ಲಿಂದ ಮುಂದಕ್ಕೆ ಹೀಗೆ ಊರೆಲ್ಲಾ ಸುತ್ತಿ ಬಲ್ಬಿಗೆ ಬರುತ್ತೆ, 30 ವರ್ಷ ಹಳೇ ಸ್ವಿಚ್ ಒಳಗೆ ಕಾಂಟ್ಯಾಕ್ಟ್ ಕಪ್ಪಾಗಿರುತ್ತೆ. ಬಲ್ಬಿಗೆ ವೋಲ್ಟು 10 ಪರ್ಸೆಂಟ್ ಕಡಿಮೆ ಆದ್ರೆ ಬೆಳಕು 10 ಪರ್ಸೆಂಟ್ ಅಲ್ಲ ಸುಮಾರು 30 ಪರ್ಸೆಂಟ್ ಬೀಳುತ್ತೆ, 20 ಪರ್ಸೆಂಟ್ ಕಡಿಮೆ ಆದ್ರೆ ಅರ್ಧಕ್ಕಿಂತ ಕೆಳಗೆ. ನಿಮ್ಮ ಚಿಮಣಿ ದೀಪದ ಕಥೆ ಇದೇ. ಬೆಳಕು ಸಾಲ್ದು ಅಂತ 100/90 ಬಲ್ಬ್ ಮಾತ್ರ ಹಾಕಬೇಡಿ, ಜಾಸ್ತಿ ಕರೆಂಟು ಅದೇ ಹಳೆ ಸ್ವಿಚ್ ಮೇಲೆ ಹೋಗಿ ಅದು ಕರಗುತ್ತೆ. ಎರಡು ರಿಲೇ ಹಾಕಿ, ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು, ಡಿಮ್‌ಗೊಂದು ಬ್ರೈಟ್‌ಗೊಂದು. ರಿಲೇಯ 30ನೇ ನಂಬರ್ ಕಾಲಿಗೆ ಬ್ಯಾಟರಿಯಿಂದ 2.5 ಸ್ಕ್ವೇರ್ ಆಟೋ ವೈರು, ಬ್ಯಾಟರಿ ಹತ್ರಾನೇ 15 ಆಂಪಿಯರ್ ಫ್ಯೂಸ್. 87ರಿಂದ ಬಲ್ಬಿಗೆ. 86ಕ್ಕೆ ಹಳೇ ಹೆಡ್‌ಲೈಟ್ ವೈರು, 85 ಅರ್ತ್‌ಗೆ. ಹಳೇ ಸ್ವಿಚ್ ಈಗ ರಿಲೇನ ಎಬ್ಬಿಸೋ ಕೆಲಸ ಮಾತ್ರ ಮಾಡುತ್ತೆ, ಅದಕ್ಕೆ ಒಂದು ಆಂಪಿಯರಿನ ಕಾಲು ಭಾಗನೂ ಬೇಡ. ಬಲ್ಬಿನ ಅರ್ತ್ ವೈರು ಗ್ರಿಲ್ ಶೀಟಿಗೆ ಬೋಲ್ಟ್ ಆಗಿರುತ್ತೆ, ಅಲ್ಲೂ ಪೇಂಟರ್ ಕೈ ಆಡಿಸಿರ್ತಾರೆ, ಉಜ್ಜಿ. 60/55 ಬಲ್ಬೇ ಸಾಕಾಗುತ್ತೆ, ಆಗುಂಬೆ ಘಾಟಿ ಮಂಜಲ್ಲೂ.

ಇಂಡಿಕೇಟರ್ ಹಾಕಿದ್ರೆ ಡೀಸೆಲ್ ಮುಳ್ಳು ಕುಣಿಯೋದು ನೋಡೋಕೆ ವಿಚಿತ್ರ, ಕಾರಣ ಅದೇ ಹಳೇದು. ಟ್ಯಾಂಕಿನ ಫ್ಲೋಟ್ ಕೂಡ ಅರ್ತಿಂಗ್ ಮೇಲೇ ನಡೆಯೋದು, ಟ್ಯಾಂಕ್ ಬಿಚ್ಚಿ ಬಣ್ಣ ಹೊಡೆದು ರಬ್ಬರ್ ಇಟ್ಟು ಪಟ್ಟಿ ಕಟ್ಟಿದ್ರೆ ಅದಕ್ಕೂ ಅರ್ತ್ ಇಲ್ಲ. ಹಿಂದಿನ ಎಡಗಡೆ ಲೈಟಿಗೂ ಸರಿಯಾದ ಅರ್ತ್ ಇಲ್ಲ. ಇಬ್ರೂ ಸೇರಿ ಒಂದೇ ಸೋತ ಬೋಲ್ಟಿನ ಮೇಲೆ ನಿಂತಿರ್ತಾರೆ, ಇಂಡಿಕೇಟರ್ ಒಂದೊಂದ್ಸಲ ಹತ್ತಿದಾಗ್ಲೂ ಆ ಬೋಲ್ಟ್ ಮೇಲೆ ಎರಡೋ ಮೂರೋ ವೋಲ್ಟು ಏರುತ್ತೆ, ಮುಳ್ಳು ಕುಣಿಯುತ್ತೆ. ಬ್ರೇಕ್ ಒತ್ತಿದಾಗ ಪಕ್ಕದ ಪಾರ್ಕಿಂಗ್ ಲೈಟ್ ಮಂಕಾಗೋದು, ಇಂಡಿಕೇಟರ್ ಹಾಕಿದ್ರೆ ಹಿಂದಿನ ಕೆಂಪು ಲೈಟ್ ಮಿಣುಕೋದು, ಇದೆಲ್ಲ ಅದೇ ಸಂಸಾರ. ಟ್ಯಾಂಕಿನ ಫ್ಲೋಟ್ ಸ್ಕ್ರೂನಿಂದ ಚಾಸಿಗೆ ಒಂದು ತೆಳ್ಳಗಿನ ವೈರು, ಹಿಂದಿನ ಎರಡೂ ಲೈಟಿನಿಂದ ಒಂದೊಂದು ಕಪ್ಪು ವೈರು ಎಳೆದು ಚಾಸಿಗೆ ಕೂರಿಸಿ, ಅರ್ಧ ಗಂಟೆ ಕೆಲಸ.

ಬ್ಯಾಟರಿ ಎರಡು ರಾತ್ರಿಗೆ ಖಾಲಿ ಆಗೋದು ಮಾತ್ರ ಬೇರೆ ರೋಗ, ಇದನ್ನ ಅರ್ತಿಂಗ್ ಜೊತೆ ಕಲೆಸ್ಬೇಡಿ. ಲೆಕ್ಕ ಹಾಕಿ ನೋಡಿ, 5 ವ್ಯಾಟಿನ ಸಣ್ಣ ಬಲ್ಬೊಂದು ಮರೆತು ಹೋದ್ರೂ 75 ಆಂಪಿಯರ್ ಅವರ್ ಬ್ಯಾಟರಿ ಖಾಲಿ ಆಗೋಕೆ ಒಂದು ವಾರ ಬೇಕು. ಎರಡು ದಿನಕ್ಕೆ ಖಾಲಿ ಅಂದ್ರೆ ಒಂದೂವರೆ ಆಂಪಿಯರ್ ಹತ್ರ ಸೋರ್ತಿರ್ಬೇಕು. ಬ್ರೇಕ್ ಲೈಟ್ ಸ್ವಿಚ್ ಅಂಟಿಕೊಂಡಿದ್ರೆ ರಾತ್ರಿ ಶೆಡ್‌ನಲ್ಲಿ ಕೆಂಪಗೆ ಕಾಣ್ತಿತ್ತು, ಚಳೀಲಿ ಇಂಜಿನ್ ಹಿಡಿಯೋಕೆ ಒಳಗೆ ಬಿಸಿ ಮಾಡೋ ಹೀಟರ್ ಪ್ಲಗ್‌ನ ರಿಲೇ ಅಂಟಿಕೊಂಡಿದ್ರೆ ಎರಡು ಗಂಟೆಗೇ ಬ್ಯಾಟರಿ ಮಲಗ್ತಿತ್ತು. ಹಾಗಾಗಿ ನನ್ನ ಅನುಮಾನ ನಿಮ್ಮ ಹೊಸ ಡೈನಮೋ ಮೇಲೆ, ಅಂದ್ರೆ ಆಲ್ಟರ್ನೇಟರ್ ಮೇಲೆ. ಕೀ ಆಫ್ ಮಾಡಿ, ಒಂದು ಸಣ್ಣ ಕಬ್ಬಿಣದ ಸ್ಕ್ರೂಡ್ರೈವರ್ ತುದಿನ ಅದರ ಹಿಂಭಾಗದ ಬೇರಿಂಗ್ ಹತ್ರ ಹಿಡೀರಿ, ಕರೆಂಟ್ ವೈರು ಕೂರೋ ಬೋಲ್ಟಿಗೆ ತಾಗಿಸ್ದೆ. ಅಯಸ್ಕಾಂತದ ಥರ ಎಳೆದ್ರೆ ಕೀ ಆಫ್ ಇದ್ರೂ ಒಳಗಿನ ಫೀಲ್ಡ್ ಕಾಯಿಲ್‌ಗೆ ಕರೆಂಟ್ ಹೋಗ್ತಿದೆ, ಫಿಟ್ ಮಾಡಿದವರು ಕೀಯಿಂದ ಬರಬೇಕಾದ ಸಣ್ಣ ವೈರನ್ನ ಡೈರೆಕ್ಟ್ ಕೊಟ್ಟಿದಾರೆ ಅಂತ. ಎಳೀಲಿಲ್ಲ ಅಂದ್ರೆ ಮೀಟರ್‌ನ 10 ಆಂಪಿಯರ್‌ಗೆ ಇಟ್ಟು, ಬ್ಯಾಟರಿ ನೆಗೆಟಿವ್ ಬಿಚ್ಚಿ ನಡುವೆ ಮೀಟರ್ ಸೇರಿಸಿ. ಮೀಟರ್ ಹೀಗಿರೋವಾಗ ಸೆಲ್ಫ್ ಹೊಡಿಯೋದು, ಹೀಟರ್ ಹಾಕೋದು ಏನೂ ಬೇಡ, ಮೀಟರ್ ಹೋಗುತ್ತೆ. ಏನೂ ಎಲೆಕ್ಟ್ರಾನಿಕ್ಸ್ ಇಲ್ಲದ ನಿಮ್ಮ ಗಾಡಿಗೆ ಸೊನ್ನೆ ಬರಬೇಕು, ಟೇಪ್ ರೆಕಾರ್ಡರ್ ಇದ್ರೆ 0.05ರ ಒಳಗೆ. ಜಾಸ್ತಿ ಇದ್ರೆ ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ, ಬಿಚ್ಚಿದ ತುದಿ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ, ಆಗ ಸೋರಿಕೆ ನಿಂತ್ರೆ ಒಳಗಿನ ಡಯೋಡ್, ಅಂದ್ರೆ ಕರೆಂಟನ್ನ ಒಂದೇ ಕಡೆಗೆ ಬಿಡೋ ಭಾಗ, ಹೋಗಿದೆ. ನಿಲ್ಲದಿದ್ರೆ ಒಂದೊಂದೇ ಫ್ಯೂಸ್ ತೆಗೀತಾ ಬನ್ನಿ, ಯಾವುದು ತೆಗೆದಾಗ ಅಂಕಿ ಬೀಳುತ್ತೋ ಆ ಲೈನು.

ಡಯೋಡ್ ಯಾಕೆ ಹೋಗುತ್ತೆ ಅಂದ್ರೆ ಎರಡು ಕಾರಣ ನಾನು ಪದೇ ಪದೇ ನೋಡೋದು. ಟಿಂಕರಿಂಗ್ ಮಾಡುವಾಗ ಬ್ಯಾಟರಿ, ಆಲ್ಟರ್ನೇಟರ್ ವೈರು ಬಿಚ್ಚದೆ ಆರ್ಕ್ ವೆಲ್ಡಿಂಗ್ ಮಾಡೋದು ಒಂದು. ಇನ್ನೊಂದು, ಡೈನಮೋ ಚಾರ್ಜ್ ಮಾಡ್ತಿದೆಯಾ ನೋಡೋಣ ಅಂತ ಇಂಜಿನ್ ಓಡ್ತಿರೋವಾಗ ಬ್ಯಾಟರಿ ಟರ್ಮಿನಲ್ ಕೀಳೋದು. ದಯವಿಟ್ಟು ಯಾರಿಗೂ ಅದನ್ನ ಮಾಡೋಕೆ ಬಿಡಬೇಡಿ, ಕಿತ್ತ ಕ್ಷಣಕ್ಕೆ ವೋಲ್ಟೇಜು ಹಾರಿ ಒಳಗಿನ ರೆಗ್ಯುಲೇಟರ್ ಡಯೋಡ್ ಎರಡೂ ಸುಟ್ಟು ಹೋಗಬಹುದು. ಚಾರ್ಜಿಂಗ್ ನೋಡೋಕೆ ಇಂಜಿನ್ ಸ್ವಲ್ಪ ರೇಸ್‌ನಲ್ಲಿಟ್ಟು ಬ್ಯಾಟರಿ ಮೇಲೆ ಮೀಟರ್ ಹಿಡಿದ್ರೆ ಸಾಕು, 13.8ರಿಂದ 14.4 ಬರಬೇಕು. ಮೀಟರ್‌ನ ಎಸಿ ವೋಲ್ಟಿಗೆ ತಿರುಗಿಸಿ ಅಲ್ಲೇ ಇನ್ನೊಂದ್ಸಲ ಹಿಡೀರಿ, ಅರ್ಧ ವೋಲ್ಟಿಗಿಂತ ಜಾಸ್ತಿ ತೋರ್ಸಿದ್ರೆ ಡಯೋಡ್ ಸರಿ ಇಲ್ಲ. ಮತ್ತೆ ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಲ್ಲಿ ಕೆಂಪು ಚಾರ್ಜಿಂಗ್ ಬಲ್ಬ್ ಹತ್ತುತ್ತಾ ನೋಡಿ. ಅದು ಬರೀ ಸೂಚನೆಯ ಬಲ್ಬಲ್ಲ, ಆಲ್ಟರ್ನೇಟರ್ ಎಚ್ಚರ ಆಗೋಕೆ ಬೇಕಾದ ಮೊದಲ ಕರೆಂಟು ಅದರ ಮೂಲಕಾನೇ ಹೋಗೋದು, ಆ ಬಲ್ಬ್ ಸುಟ್ಟಿದ್ರೆ ಹೊಸ ಆಲ್ಟರ್ನೇಟರ್ ಕೂಡ ಚಾರ್ಜ್ ಮಾಡ್ದೆ ಸುಮ್ನೆ ತಿರುಗಬಹುದು. ಅಲ್ಲಿಗೆ ಎಲ್‌ಇಡಿ ಹಾಕಬೇಡಿ, ಅದರಲ್ಲಿ ಅಷ್ಟು ಕರೆಂಟು ಹರಿಯಲ್ಲ.

ಬೆಳ್ಳಿ ಕಾಗದ ಇವತ್ತೇ ತೆಗೀರಿ. ಫ್ಯೂಸ್ ಹೋಗ್ತಿದೆ ಅಂದ್ರೆ ಎಲ್ಲೋ ವೈರು ಬಾಡಿಗೆ ತಾಗ್ತಿದೆ, ಇಲ್ಲಾ ವೈಪರ್ ಮೋಟರ್ ಗ್ರೀಸ್ ಒಣಗಿ ಜಾಮ್ ಆಗಿದೆ, ಫ್ಯೂಸ್ ಹೋಗಿ ನಿಮ್ಮನ್ನ ಉಳಿಸ್ತಿದೆ. ಆ ಜಾಗದಲ್ಲಿ ಕಾಗದ ಕೂತ್ರೆ ಮುಂದಿನ ಫ್ಯೂಸ್ ಅಂದ್ರೆ ವೈರಿಂಗೇ, ಡ್ಯಾಶ್‌ಬೋರ್ಡ್ ಒಳಗೆ ಹತ್ತಿದ ಬೆಂಕಿ ಆರ್ಸೋಕೆ ಕೈಗೆ ಸಿಗಲ್ಲ. ಶಾರ್ಟ್ ಹುಡುಕೋಕೆ ಹತ್ತಾರು ಫ್ಯೂಸ್ ಸುಡೋದೂ ಬೇಡ. ಫ್ಯೂಸ್ ತೆಗೆದು ಅದರ ಎರಡೂ ಕ್ಲಿಪ್ಪಿಗೆ ಹೋಲ್ಡರ್ ಸಮೇತ ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬಿನ ಎರಡು ವೈರು ಕೊಡಿ. ವೈಪರ್ ಮೋಟರಿನ ಸಾಕೆಟ್ ಬಿಚ್ಚಿಡಿ, ಕೀ ಆನ್ ಮಾಡಿ ವೈಪರ್ ಸ್ವಿಚ್ ಹಾಕಿ. ಬಲ್ಬ್ ಪ್ರಖರವಾಗಿ ಉರೀತಿದ್ರೆ ವೈರು ಶಾರ್ಟ್, ಬಲ್ಬೇ ಕರೆಂಟು ತಡೆಯೋದ್ರಿಂದ ಏನೂ ಸುಡಲ್ಲ. ಇನ್ನು ಆರಾಮಾಗಿ ವೈರಿಂಗ್ ಕಂತೆನ ಒಂದೊಂದೇ ಗೇಣು ಅಲ್ಲಾಡಿಸ್ತಾ ಹೋಗಿ, ಯಾವ ಜಾಗ ಅಲ್ಲಾಡಿಸಿದಾಗ ಬಲ್ಬ್ ಆರುತ್ತೋ ಅಲ್ಲೇ ಇದೆ. ಬಾಡಿ ಇಳಿಸಿ ಕೂರಿಸಿದ ಗಾಡೀಲಿ ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ, ಅಂದ್ರೆ ಬಲ್ಕ್‌ಹೆಡ್, ಅದರ ತೂತಲ್ಲಿ ರಬ್ಬರ್ ಬಳೆ (ಗ್ರೋಮೆಟ್) ಹಾಕೋದು ಮರೆತು ವೈರಿಂಗ್ ಶೀಟಿಗೆ ಉಜ್ಜೋದು ಬಹಳ ಮಾಮೂಲು, ಅಲ್ಲಿಂದ ಶುರು ಮಾಡಿ. ಆಮೇಲೆ 9 ವರ್ಷ ಕೊಟ್ಟಿಗೆ ಪಕ್ಕ ನಿಂತಿದ್ದು ಅಂದ್ರಲ್ಲ, ಇಲಿ ಕಡಿದ ಜಾಗ ಸೀಟಿನ ಕೆಳಗೆ ಖಂಡಿತ ಹುಡುಕಿ.

ಬೆಳಗ್ಗೆ ಹಿಡಿಯದೇ ಇರೋದಕ್ಕೆ ಸೆಲ್ಫ್ ಚುರುಕಾದ್ಮೇಲೇ ಉತ್ತರ ಸಿಗೋದು, ನಿಧಾನಕ್ಕೆ ತಿರುಗೋ ಡೀಸೆಲ್ ಇಂಜಿನ್‌ನಲ್ಲಿ ಗಾಳಿ ಬೇಕಾದಷ್ಟು ಬಿಸಿ ಆಗಲ್ಲ. ಆಮೇಲೂ ಕಷ್ಟ ಇದ್ರೆ ಸೈಲೆನ್ಸರ್ ನೋಡಿ. ಚುರುಕಾಗಿ ತಿರುಗ್ತಾ ಬಿಳಿ ಹೊಗೆ ಬರ್ತಿದ್ರೆ ಡೀಸೆಲ್ ಒಳಗೆ ಹೋಗ್ತಿದೆ ಹೊತ್ತಿಕೊಳ್ತಿಲ್ಲ, ಹೀಟರ್ ಪ್ಲಗ್ ನೋಡಿ. ಹೊಗೆನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಿಲ್ಲ, ಅದು ಎಲೆಕ್ಟ್ರಿಷಿಯನ್ ಕೆಲಸ ಅಲ್ಲ. ನಿಮ್ಮದು ಪ್ಯೂಜೋದ ಎಕ್ಸ್‌ಡಿಪಿ 4.90 ಇಂಜಿನ್, 2112 ಸಿಸಿ, ಇದರಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಬೀಳದೆ ಹೆಡ್ಡಿನ ಒಂದು ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳೋದು, ಹಾಗಾಗಿ ಹೀಟರ್ ಪ್ಲಗ್ ಇಲ್ಲದೆ ಚಳೀಲಿ ಹಠ ಮಾಡುತ್ತೆ. ಪ್ಲಗ್‌ಗಳನ್ನ ಸೇರಿಸೋ ವೈರು ಅಥವಾ ಪಟ್ಟಿ ಬಿಚ್ಚಿ ಒಂದೊಂದೇ ಪ್ಲಗ್ಗಿನ ತಲೆಯಿಂದ ಇಂಜಿನ್‌ಗೆ ಓಮ್ ನೋಡಿ, ಒಂದು ಓಮ್ ಆಸುಪಾಸು ಬಂದ್ರೆ ಬದುಕಿದೆ, ಏನೂ ಬರದಿದ್ರೆ ಸತ್ತಿದೆ. ನಾಲ್ಕರಲ್ಲಿ ಎರಡು ಸತ್ತಿದ್ರೆ ನಾಲ್ಕೂ ಬದಲಾಯಿಸಿ. ಡೀಸೆಲ್ ಕಡೆ ಹೋದ್ರೆ, 9 ವರ್ಷದ ಟ್ಯಾಂಕಿನಲ್ಲಿ ತುಕ್ಕು ಅಂಟು ಎರಡೂ ಇರುತ್ತೆ, ತೊಳೆಸಿ, ಫಿಲ್ಟರ್ ಹೊಸದು, ರಬ್ಬರ್ ಪೈಪ್ ಎಲ್ಲ ಹೊಸದು, ಆಮೇಲೆ ಪೈಪಲ್ಲಿ ಸೇರಿದ ಗಾಳಿ ತೆಗೀರಿ. ಬೆಳಗ್ಗೆ ಕೈಯಲ್ಲಿ ಡೀಸೆಲ್ ಎಳೆಯೋ ಹ್ಯಾಂಡ್ ಪ್ರೈಮರ್ ನಾಲ್ಕು ಸಲ ಒತ್ತಿದ್ರೆ ಹಿಡಿಯುತ್ತೆ ಒತ್ತದಿದ್ರೆ ಹಿಡಿಯಲ್ಲ ಅಂತಾದ್ರೆ ಎಲ್ಲೋ ಗಾಳಿ ಎಳ್ಕೊಳ್ತಿದೆ. ಪಂಪ್ ಮಾತ್ರ ಮನೇಲಿ ಬಿಚ್ಚಬೇಡಿ, ಟೆಸ್ಟ್ ಬೆಂಚ್ ಇರೋ ಅಂಗಡೀಗೇ ಕೊಡಿ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿಗೆ 2008ರಲ್ಲಿ ಬಾಷ್ ಅಂತ ಹೆಸರು ಬದಲಾದ್ರೂ ನಮ್ಮ ಹಳೆ ಮೆಕ್ಯಾನಿಕ್‌ಗಳ ಬಾಯಲ್ಲಿ ಡೀಸೆಲ್ ಪಂಪ್ ಅಂದ್ರೆ ಇನ್ನೂ ಮೈಕೋನೇ, ಹಾಗೆ ಕೇಳಿದ್ರೆ ಶಿವಮೊಗ್ಗದಲ್ಲೂ ದಾರಿ ತೋರಿಸ್ತಾರೆ.

ಈಗ ಕಿಟ್ ವಿಷಯ. ಇಷ್ಟೆಲ್ಲ ಆದ್ಮೇಲೆ ವೈರಿನ ಸಿಪ್ಪೆ ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಬಿಟ್ಟು ಉದುರಿದ್ರೆ, ಸಿಪ್ಪೆ ಸುಲಿದಾಗ ಒಳಗೆ ತಾಮ್ರ ಕಪ್ಪು ಹಸಿರಾಗಿದ್ರೆ, ಆ ಲೈನ್ ಬದಲಾಯಿಸಿ. ಮೆತ್ತಗಿದ್ದು ತಾಮ್ರ ಹೊಳೀತಿದ್ರೆ ಅದನ್ನ ಯಾಕೆ ಕೀಳ್ತೀರಾ? ಪೂರ್ತಿ ಕಿತ್ತ ದಿನ ನಿಮ್ಮ ಹತ್ರ ಓಡೋ ಗಾಡಿ ಇರಲ್ಲ, ಹೋಲಿಸಿ ನೋಡೋಕೆ ಹಳೇದೂ ಇರಲ್ಲ, ಕಳಪೆ ಕಿಟ್ ಸಿಕ್ರೆ ಒಳಗೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ ಇರಬಹುದು. ಒಂದೊಂದೇ ಲೈನ್, ಹಳೇ ಬಣ್ಣದ್ದೇ ವೈರು, ಬೆಂಗಳೂರಿನ ಜೆ.ಸಿ. ರೋಡಲ್ಲಿ ಮೀಟರ್ ಲೆಕ್ಕದಲ್ಲಿ ಆಟೋ ವೈರ್ ಸಿಗುತ್ತೆ. ಮನೆ ವೈರಿಂಗಿನ ಒಂಟಿ ಎಳೆ ವೈರು ಬೇಡವೇ ಬೇಡ, ಗಾಡಿ ನಡುಕಕ್ಕೆ ಮುರಿಯುತ್ತೆ. ಜಾಯಿಂಟ್ ತಿರುಚಿ ಟೇಪ್ ಸುತ್ತೋದು ಬಿಡಿ, ಸರಿಯಾಗಿ ಕ್ರಿಂಪ್ ಮಾಡಿ ಬಿಸಿಗೆ ಕುಗ್ಗೋ ಸ್ಲೀವ್ ಹಾಕಿ. ಬಿಚ್ಚೋ ಮುಂಚೆ ಪ್ರತಿ ಸಾಕೆಟ್ಟಿನ ಫೋಟೋ ತೆಗೆದು ವೈರಿಗೆ ಚೀಟಿ ಅಂಟಿಸಿ. ನಿಮ್ಮ ಎಲೆಕ್ಟ್ರಿಷಿಯನ್ ಮೇಲೆ ಬೇಜಾರು ಬೇಡ, ಪೂರ್ತಿ ಕಿಟ್ ಹಾಕೋದು ಅವರಿಗೆ ಸುಲಭ, ಹುಡುಕೋದಕ್ಕೆ ಯಾರೂ ದುಡ್ಡು ಕೊಡಲ್ಲ. ಹುಡುಕೋ ಕೆಲಸಕ್ಕೆ ದಿನದ ಕೂಲಿ ಕೊಡ್ತೀನಿ ಅಂತ ನೀವೇ ಹೇಳಿ ನೋಡಿ, ಈ ಅಳತೆಗಳನ್ನೆಲ್ಲ ಅವರ ಜೊತೆ ಕೂತೇ ತಗೊಳ್ಳಿ.

ಕೊನೇದಾಗಿ ಅಪ್ಪನ ಸ್ವಿಚ್ಚು. ಕೀಳಬೇಡಿ. ಮೊದಲು ಟೆಸ್ಟ್ ಲ್ಯಾಂಪ್ ಇಟ್ಟು ಅದರ ಒಂದು ಕಾಲಿಗೆ ಕೀ ಆಫ್ ಇದ್ದಾಗ್ಲೂ ಕರೆಂಟು ಬರುತ್ತಾ ನೋಡಿ, ಬಂದ್ರೆ ಬ್ಯಾಟರಿಯಿಂದ ಡೈರೆಕ್ಟ್, ಅದು ಆನ್ ಆಗೇ ಉಳಿದಿದ್ರೆ ಸೋರಿಕೆಗೆ ಅದೂ ಒಂದು ಕಾರಣ ಇರಬಹುದು. ಇನ್ನೊಂದು ಕಾಲಿನ ವೈರು ಹಿಡ್ಕೊಂಡು ಹೋಗಿ. ಮೂಟೆ ಹೊರೋ ಗಾಡಿಗಳಲ್ಲಿ ಇಂಥ ಸ್ವಿಚ್ಚಿನ ವೈರು ಚಾಸಿ ಗುಂಟ ಹಿಂದಕ್ಕೆ ಹೋಗಿ ಟ್ರೇ ಕೆಳಗೋ ಕ್ಯಾಬಿನ್ ಹಿಂದಿನ ಗೋಡೆಗೋ ಮುಗಿಯೋದೇ ಜಾಸ್ತಿ, ಕತ್ತಲಾದ್ಮೇಲೆ ಅಂಗಳದಲ್ಲಿ ಅಡಿಕೆ ಮೂಟೆ ಇಳಿಸೋಕೆ ಒಂದು ಲೈಟು. ಪೇಂಟಿಂಗ್ ಹೊತ್ತಲ್ಲಿ ಆ ಲೈಟ್ ಬಿಚ್ಚಿ ಡಬ್ಬಿಗೆ ಹಾಕಿರ್ತಾರೆ, ಬಿಚ್ಚಿದ ಸಾಮಾನಿನ ಡಬ್ಬೀಲಿ ಹುಡುಕಿ. ಸಿಕ್ರೆ ಬ್ಯಾಟರಿ ಕಡೆ ತುದೀಲಿ 5 ಆಂಪಿಯರ್ ಫ್ಯೂಸ್ ಸೇರಿಸಿ, ಅದಕ್ಕೂ ಒಂದು ಒಳ್ಳೆ ಅರ್ತ್ ಎಳೆದು, ಇದ್ದ ಜಾಗದಲ್ಲೇ ಹಾಕಿ.